ಆಟ ಮುಗಿದ ಮೇಲೆ ಕೈಸೇರುವ ಪೋಸ್ಟರು

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, ಮೂವತ್ತೆರಡು ವರ್ಷಗಳಿಂದ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಯಕ್ಷಗಾನ, ನಾಟಕ, ಕನ್ನಡ ಸಿನಿಮಾ ಎಂದರೆ ನನಗೂ ನಮ್ಮ ಯಜಮಾನರಿಗೂ ಪ್ರಾಣ. ಆದರೆ ಠಾಣೆ ನಗರದಲ್ಲಿ ಕನ್ನಡ ಸಿನಿಮಾ ಹಾಕಿದ್ದರೆಂದು ನಮಗೆ ಗೊತ್ತಾಗುವುದು ಅದನ್ನು ತೆಗೆದ ಮೇಲೆ. ಯಕ್ಷಗಾನದ ಆಟದ ಪೋಸ್ಟರು ವಾಟ್ಸ್ಯಾಪ್‌ಗೆ ಬರುವುದು ಆಟ ಮುಗಿದ ಮರುದಿನ. ಮಗ ನನ್ನ ಫೋನಿನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಎಲ್ಲವನ್ನೂ ಹಾಕಿಕೊಟ್ಟಿದ್ದಾನೆ. ತೆರೆದರೆ ಬರೀ ಹಿಂದಿ ರೀಲ್ಸ್, ಮರಾಠಿ ಧಾರಾವಾಹಿಯ ತುಣುಕುಗಳು. ರಾತ್ರಿ ಒಂದು ಗಂಟೆ ಬೆರಳಾಡಿಸಿದರೂ ಬೇಕಾದದ್ದು ಒಂದೂ ಸಿಗುವುದಿಲ್ಲ. ಇದಕ್ಕೆ ಉಪಾಯವಿದೆಯೇ? ಅಕ್ಕನ ಮಗ ಟೆಲಿಗ್ರಾಂನಲ್ಲಿ ಇಡೀ ಸಿನಿಮಾದ ಲಿಂಕನ್ನೇ ಕಳಿಸುತ್ತಾನೆ, ಅದನ್ನು ನೋಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಫೋನು ಕನ್ನಡವನ್ನು ತೋರಿಸುತ್ತಿಲ್ಲ ಎಂಬುದು ಒಂದು. ಕಾರ್ಯಕ್ರಮದ ಸುದ್ದಿ ಹೊತ್ತಿಗೆ ಸರಿಯಾಗಿ ತಲುಪುತ್ತಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಒಂದೆರಡು ವಾರಗಳಲ್ಲಿ ಬಹುಮಟ್ಟಿಗೆ ಸರಿಪಡಿಸಬಹುದು. ಆದರೆ ಅದು ಸರಿಹೋದ ಕೂಡಲೇ ಎರಡನೆಯದೂ ತಾನಾಗಿ ಸರಿಹೋಗುತ್ತದೆ ಎಂದು ಭಾವಿಸಿದರೆ ನಿರಾಶೆ ಕಾದಿರುತ್ತದೆ. ಮುಂಬಯಿಯ ಕನ್ನಡ ಕಾರ್ಯಕ್ರಮಗಳ ಪ್ರಚಾರದ ಕೆಲಸದಲ್ಲಿ ಹಲವು ವರ್ಷ ಕೈಯಾಡಿಸಿದವನಾಗಿ ನಾನು ಕಂಡುಕೊಂಡದ್ದು ಇಷ್ಟು: ಫೋನು ತಾನಾಗಿ ತಂದು ಸುರಿಯುವುದನ್ನು ನೆಚ್ಚಿ ಕೂತವರಿಗೆ ಹೊತ್ತು ಹೋಗುತ್ತದೆಯೇ ಹೊರತು ಸುದ್ದಿ ಸಿಗುವುದಿಲ್ಲ, ಸುದ್ದಿ ಹುಟ್ಟುವ ಜಾಗ ಯಾವುದು, ಅದನ್ನು ಮೊದಲು ಬರೆಯುವ ಮನುಷ್ಯ ಯಾರು ಎಂಬುದನ್ನು ಪತ್ತೆಹಚ್ಚಿ ಅವರ ಬೆನ್ನು ಹಿಡಿದವರಿಗೆ ಮಾತ್ರ ಅದು ಸಿಗುತ್ತದೆ.

ಮೊದಲು ಫೋನಿನ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳೋಣ. ಈ ಆ್ಯಪ್‌ಗಳಿಗೆ ನಿಮ್ಮ ಮನೆಮಾತು ಯಾವುದೆಂಬುದು ಮುಖ್ಯವಲ್ಲ. ನೀವು ಯಾವುದರ ಮುಂದೆ ಎಷ್ಟು ಹೊತ್ತು ನಿಂತಿರಿ ಎಂಬುದನ್ನು ಅವು ಅಳೆಯುತ್ತವೆ. ಒಂದು ವಿಡಿಯೊವನ್ನು ಎಷ್ಟು ಜನ ತೆರೆದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಯೂಟ್ಯೂಬ್ 2012ರಿಂದಲೇ ಹೆಚ್ಚಿನ ತೂಕ ಕೊಡುತ್ತ ಬಂದಿದೆ. ಇನ್‌ಸ್ಟಾಗ್ರಾಂನ ಮುಖ್ಯಸ್ಥ ಆಡಂ ಮೊಸ್ಸೆರಿಯವರು ಕೂಡ ನೋಡಿದ ಹೊತ್ತು, ಒತ್ತಿದ ಲೈಕು, ಇನ್ನೊಬ್ಬರಿಗೆ ಕಳಿಸಿದ್ದು ಈ ಮೂರನ್ನೂ ಮುಖ್ಯ ಸೂಚನೆಗಳೆಂದು ಹೇಳಿದ್ದಾರೆ. ಆದ್ದರಿಂದ ಬೇಸರದಿಂದ ನೋಡಿದರೂ ಅದರ ಲೆಕ್ಕದಲ್ಲಿ ಅದು ನೋಡಿದ್ದೇ. ಧಾರಾವಾಹಿಯ ತುಣುಕಿನಲ್ಲಿ ಅತ್ತೆ ಸೊಸೆಯ ಕೈಯಿಂದ ಬೀಗದಕೈ ಕಸಿದುಕೊಂಡಳೋ ಇಲ್ಲವೋ ಎಂದು ನೀವು ನಲವತ್ತು ಸೆಕೆಂಡು ಕಾದರೆ, ಈ ಮನೆಗೆ ಇಂಥದ್ದೇ ಬೇಕು ಎಂದು ಫೋನು ಬರೆದಿಟ್ಟುಕೊಳ್ಳುತ್ತದೆ. ಅದರ ಮೇಲೆ ನೀವಿರುವುದು ಡೊಂಬಿವಲಿಯಲ್ಲಿ. ನಿಮ್ಮ ಸುತ್ತಲಿನವರು ನೋಡುವುದು, ನಿಮಗೆ ಕಳಿಸುವುದು ಹೆಚ್ಚಾಗಿ ಮರಾಠಿ ಮತ್ತು ಹಿಂದಿ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದ ಮೇಲೆ ಅದೇ ವರ್ಷ ಜುಲೈನಲ್ಲಿ ಇನ್‌ಸ್ಟಾಗ್ರಾಂನ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್‌ನ ಶಾರ್ಟ್ಸ್ ಎಂಬ ಚಿಕ್ಕ ವಿಡಿಯೊಗಳು ನಮ್ಮ ದೇಶಕ್ಕೆ ಬಂದವು. ಪೂರ್ತಿ ವಿಡಿಯೊ ಹುಡುಕಿ ನೋಡುವ ಅಭ್ಯಾಸದ ಜಾಗದಲ್ಲಿ ಬಂದದ್ದನ್ನು ತಳ್ಳುತ್ತ ಹೋಗುವ ಅಭ್ಯಾಸ ನಮ್ಮ ವಯಸ್ಸಿನವರಿಗೂ ಅಂಟಿಕೊಂಡದ್ದು ಆಮೇಲೆಯೇ.

ಇದನ್ನು ತಿದ್ದುವುದು ಕಷ್ಟವಲ್ಲ. ಯೂಟ್ಯೂಬ್‌ನಲ್ಲಿ ಇದುವರೆಗೆ ನೋಡಿದ್ದರ ಇತಿಹಾಸವನ್ನು ಒಮ್ಮೆ ಅಳಿಸಿಬಿಡಿ. ಬೇಡದ ವಿಡಿಯೊ ಬಂದಾಗ ಪಕ್ಕದ ಮೂರು ಚುಕ್ಕೆಗಳನ್ನು ಒತ್ತಿ, ಆಸಕ್ತಿಯಿಲ್ಲ ಎಂದೋ ಈ ಚಾನೆಲ್ಲನ್ನು ಸೂಚಿಸಬೇಡಿ ಎಂದೋ ಹೇಳಿ. ಬರೀ ಮುಂದಕ್ಕೆ ತಳ್ಳಿದರೆ ಸಾಲದು. ಇನ್‌ಸ್ಟಾಗ್ರಾಂನಲ್ಲಿ ಸೂಚನೆಗಳನ್ನೆಲ್ಲ ಅಳಿಸಿ ಹೊಸದಾಗಿ ಆರಂಭಿಸುವ ಸೌಲಭ್ಯ 2024ರ ಕೊನೆಯಿಂದ ಸಿಗತೊಡಗಿದೆ. ಹೀಗೆ ತೊಳೆದ ಮೇಲೆ ಒಂದು ವಾರ ಪಥ್ಯ ಹಿಡಿದಂತೆ ಇರಬೇಕಾಗುತ್ತದೆ: ಕನ್ನಡದ್ದನ್ನು ನೀವೇ ಹುಡುಕಿ, ಕೊನೆಯವರೆಗೂ ನೋಡಬೇಕು. ಮೊಮ್ಮಕ್ಕಳು ಪುಣೆಯಿಂದಲೋ ಪಕ್ಕದ ಕಟ್ಟಡದಿಂದಲೋ ಬಂದು ನಿಮ್ಮ ಫೋನಿನಲ್ಲಿ ಕಾರ್ಟೂನ್ ನೋಡುವ ಪದ್ಧತಿಯಿದ್ದರೆ ಅವರಿಗೆ ಬೇರೆ ಖಾತೆ ಮಾಡಿಕೊಡಿ. ಇಲ್ಲವಾದರೆ ನಿಮ್ಮ ಒಂದು ವಾರದ ಪಥ್ಯ ಅವರ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಆ್ಯಪ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಕನ್ನಡ ವಿಡಿಯೊಗಳು ಬರುತ್ತವೆ ಎಂದು ಹಲವರು ತಿಳಿದಿದ್ದಾರೆ. ಬದಲಾಗುವುದು ಮುಖ್ಯವಾಗಿ ಗುಂಡಿಗಳ ಮೇಲಿನ ಅಕ್ಷರ.

ಈಗ ನಿಜವಾದ ಕೆಲಸಕ್ಕೆ ಬರೋಣ. ಯಾರನ್ನು ಹಿಂಬಾಲಿಸಬೇಕು? ಸಿನಿಮಾ ಪುಟಗಳು, ತಮಾಷೆಯ ಪುಟಗಳು, ‘ನಮ್ಮ ಕನ್ನಡ’ ಎಂಬ ಹೆಸರಿನ ನೂರಾರು ಪುಟಗಳು ಮನರಂಜನೆಗೆ ಆಗಬಹುದು, ಸುದ್ದಿಗಲ್ಲ. ಅವು ಇನ್ನೊಬ್ಬರು ಹಾಕಿದ್ದನ್ನು ಎತ್ತಿ ಹಾಕುವಂಥವು, ಅವುಗಳಿಗೆ ಮುಂಬಯಿಯ ಗೊಡವೆಯೂ ಇಲ್ಲ. ನಿಮ್ಮ ಪಾಲಿನ ಮೂಲಗಳು ಬೇರೆ. ಮಾಟುಂಗಾದಲ್ಲಿ 1926ರಿಂದ ನಡೆದುಬಂದಿರುವ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಕಲಿನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜ್‌ನ ಬಿಲ್ಲವ ಭವನ, ಜೊತೆಗೆ ನಿಮ್ಮ ಊರಿನದೇ ಸಂಘಸಂಸ್ಥೆಗಳು. ಕನ್ನಡದ ನಾಟಕವೋ, ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆಯೋ ನಡೆಯುವುದಾದರೆ ಇಂಥ ಒಂದು ಸೂರಿನಡಿಯಲ್ಲಿ ನಡೆಯುವ ಸಂಭವ ಹೆಚ್ಚು. ಆದರೆ ಒಳಗಿನವನಾಗಿ ಒಂದು ಗುಟ್ಟನ್ನು ಹೇಳಬೇಕು: ನಮ್ಮ ಅನೇಕ ಸಂಘಗಳ ಫೇಸ್‌ಬುಕ್ ಪುಟದಲ್ಲಿ ಕೊನೆಯ ಬರಹ ಯಾವುದೋ ವರ್ಷದ ವಾರ್ಷಿಕೋತ್ಸವದ ಫೋಟೊ ಆಗಿರುತ್ತದೆ, ಕಾರಣ ಕೇಳಿದರೆ, ಪಾಸ್‌ವರ್ಡ್ ಹಿಂದಿನ ಕಮಿಟಿಯವರ ಬಳಿಯಿದೆ ಎನ್ನುತ್ತಾರೆ. ಅಂಥ ಕಡೆ ಸಂಘದ ಪುಟಕ್ಕಿಂತ ಕಾರ್ಯದರ್ಶಿಯ ಸ್ವಂತ ಖಾತೆ, ನಾಟಕದ ನಿರ್ದೇಶಕರ ಖಾತೆ, ಮೇಕಪ್ ಮಾಡುವವರ ಖಾತೆ ಹೆಚ್ಚು ಚುರುಕಾಗಿರುತ್ತದೆ. ಹೋದ ವರ್ಷದ ಒಂದು ಒಳ್ಳೆಯ ಕಾರ್ಯಕ್ರಮದ ಫೋಟೊ ಸಿಕ್ಕಿದರೆ ಅದರಲ್ಲಿ ಯಾರ ಯಾರ ಹೆಸರನ್ನು ಟ್ಯಾಗ್ ಮಾಡಿದ್ದಾರೆ ಎಂದು ನೋಡಿ. ಆ ಎಂಟು ಹತ್ತು ಹೆಸರುಗಳೇ ನಿಮ್ಮ ಪಟ್ಟಿ.

ಬರೀ ಫಾಲೋ ಒತ್ತಿದರೆ ಅವರು ಬರೆದದ್ದು ನಿಮಗೆ ಕಾಣುತ್ತದೆ ಎಂಬ ಖಾತ್ರಿಯೇನೂ ಇಲ್ಲ, ಏಕೆಂದರೆ ಎಲ್ಲವೂ ಮತ್ತೆ ಅದೇ ರಾಶಿಯಲ್ಲಿ ಬೀಳುತ್ತದೆ. ರಾಶಿಯನ್ನು ಬದಿಗಿಟ್ಟು, ಹಿಂಬಾಲಿಸಿದವರನ್ನು ಮಾತ್ರ ಹೊತ್ತಿನ ಕ್ರಮದಲ್ಲಿ ತೋರಿಸುವ ಕಿಟಕಿಗಳು ಇವೆ. ಇನ್‌ಸ್ಟಾಗ್ರಾಂನಲ್ಲಿ ‘ಫಾಲೋಯಿಂಗ್’ ಮತ್ತು ‘ಫೇವರಿಟ್ಸ್’ ಎಂಬ ಎರಡು ಕಿಟಕಿಗಳು 2022ರಲ್ಲಿ ಬಂದವು. ಫೇವರಿಟ್ಸ್‌ಗೆ 50 ಖಾತೆಗಳನ್ನು ಸೇರಿಸಬಹುದು. ಫೇಸ್‌ಬುಕ್‌ನಲ್ಲಿ ಅದೇ ವರ್ಷ ಬಂದ ‘ಫೀಡ್ಸ್’ ಎಂಬ ಭಾಗ ಇದೇ ಕೆಲಸ ಮಾಡುತ್ತದೆ, ಅಲ್ಲಿ ಮೆಚ್ಚಿನವರ ಮಿತಿ 30. ಗುಂಡಿಗಳ ಜಾಗ ಆಗಾಗ ಬದಲಾಗುತ್ತಿರುತ್ತದೆ, ಆದ್ದರಿಂದ ಜಾಗಕ್ಕಿಂತ ಹೆಸರನ್ನು ನೆನಪಿಡುವುದು ಒಳ್ಳೆಯದು. ಯೂಟ್ಯೂಬ್‌ನಲ್ಲಿ ಚಂದಾದಾರರಾದ ಮೇಲೆ ಗಂಟೆಯ ಗುರುತನ್ನು ಒತ್ತಿ ‘ಎಲ್ಲವೂ’ ಎಂಬುದನ್ನು ಆರಿಸಬೇಕು. ಅದು ತಾನಾಗಿ ಇಟ್ಟುಕೊಂಡಿರುವ ಆಯ್ಕೆಯಲ್ಲಿ ಕೆಲವನ್ನು ಮಾತ್ರ ತಿಳಿಸುತ್ತದೆ. ಹಿಂದೆ ಇನ್‌ಸ್ಟಾಗ್ರಾಂನಲ್ಲಿ ಹ್ಯಾಷ್‌ಟ್ಯಾಗನ್ನೇ ಹಿಂಬಾಲಿಸಬಹುದಿತ್ತು, ಆ ಅನುಕೂಲವನ್ನು ಈಗ ತೆಗೆದುಹಾಕಿದ್ದಾರೆ. ಹೀಗಾಗಿ ವಿಷಯದ ಹೆಸರಿಗಿಂತ ಮನುಷ್ಯರ ಹೆಸರನ್ನು ಹಿಡಿಯುವುದೇ ಮೇಲು.

ವಾಟ್ಸ್ಯಾಪ್‌ನಲ್ಲಿ ಗ್ರೂಪಿಗಿಂತ ಚಾನೆಲ್ ನಿಮಗೆ ಅನುಕೂಲ. ಚಾನೆಲ್ 2023ರ ಸೆಪ್ಟೆಂಬರ್‌ನಲ್ಲಿ ಬಂತು. ಅದರಲ್ಲಿ ನಡೆಸುವವರು ಮಾತ್ರ ಬರೆಯುತ್ತಾರೆ, ಹಿಂಬಾಲಿಸುವ ಇತರರಿಗೆ ನಿಮ್ಮ ನಂಬರು ಕಾಣುವುದಿಲ್ಲ, ಮತ್ತು ಮುಂಜಾನೆಯ ಹೂವು ದೀಪಗಳ ಚಿತ್ರಗಳ ನಡುವೆ ಆಮಂತ್ರಣ ಮುಳುಗಿಹೋಗುವುದಿಲ್ಲ. ಅಲ್ಲಿಯೂ ಗಂಟೆಯನ್ನು ನೀವೇ ಒತ್ತಬೇಕು, ಇಲ್ಲವಾದರೆ ಅದು ಸದ್ದಿಲ್ಲದೆ ಬಿದ್ದಿರುತ್ತದೆ.

ಯಕ್ಷಗಾನದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅದಕ್ಕೆ ತನ್ನದೇ ಪಂಚಾಂಗವಿದೆ. ಊರಿನಲ್ಲಿ ಮೇಳಗಳ ತಿರುಗಾಟ ದೀಪಾವಳಿಯ ಆಚೀಚೆ ಆರಂಭವಾಗಿ ಮೇ ತಿಂಗಳ ಕೊನೆಗೆ, ತುಳುನಾಡಿನ ಪತ್ತನಾಜೆ ಎಂಬ ಪರ್ವದ ಹೊತ್ತಿಗೆ ಗೆಜ್ಜೆ ಬಿಚ್ಚುವುದರೊಂದಿಗೆ ಮುಗಿಯುತ್ತದೆ. ಬಿಡುವಾದ ಕಲಾವಿದರು ತಂಡ ಕಟ್ಟಿಕೊಂಡು ಮಳೆಗಾಲದಲ್ಲಿ ಮುಂಬಯಿಗೆ ಬರುತ್ತಾರೆ. ಒಂದೇ ಪ್ರವಾಸದಲ್ಲಿ ಹತ್ತು ಹದಿನೈದು ಕಡೆ, ಇವತ್ತು ವಸಾಯಿ, ನಾಳೆ ಕುರ್ಲಾ, ನಾಡಿದ್ದು ಡೊಂಬಿವಲಿ ಎಂಬಂತೆ ಆಟವಾಡುತ್ತಾರೆ. ಆದ್ದರಿಂದ ವರ್ಷವಿಡೀ ಫೋನು ಹಿಡಿದು ಕಾಯುವ ಅಗತ್ಯವಿಲ್ಲ. ಜೂನ್ ಎರಡನೆಯ ವಾರದಿಂದ ಕಣ್ಣಿಟ್ಟರೆ ಸಾಕು. ಮುಖ್ಯವಾಗಿ ಹಿಡಿಯಬೇಕಾದವರು ಇಬ್ಬರು: ತಂಡವನ್ನು ಮುಂಬಯಿಗೆ ಕರೆಸುವ ಸಂಚಾಲಕರು ಮತ್ತು ತಂಡದ ಹಾಡುಗಾರರಾದ ಭಾಗವತರು. ಸಂಚಾಲಕರು ಇಡೀ ಪ್ರವಾಸದ ಪಟ್ಟಿಯನ್ನು ಒಂದೇ ಪೋಸ್ಟರಿನಲ್ಲಿ ಹಾಕುತ್ತಾರೆ; ಅದೊಂದು ಸಿಕ್ಕಿದರೆ ತಿಂಗಳ ಚಿಂತೆ ತೀರಿತು. ಭಾಗವತರು ಮತ್ತು ವೇಷಧಾರಿಗಳು ಇಂದು ಸಂಜೆ ಎಲ್ಲಿ, ಆಡುವ ಕಥೆ ಅಂದರೆ ಪ್ರಸಂಗ ಯಾವುದು ಎಂಬುದನ್ನು ಅಂದೇ ಬರೆಯುತ್ತಾರೆ. ಕೊನೆಯ ಗಳಿಗೆಯಲ್ಲಿ ಪ್ರಸಂಗ ಬದಲಾದರೆ ಅದು ತಿಳಿಯುವುದೂ ಅಲ್ಲಿಯೇ.

ಹುಡುಕುವಾಗ ಕಾಗುಣಿತದ ತೊಂದರೆ ಒಂದಿದೆ. ತಾಳಮದ್ದಳೆ ಎಂದು ಬರೆಯುವವರಿದ್ದಾರೆ, ತಾಳಮದ್ದಲೆ ಎಂದು ಬರೆಯುವವರೂ ಇದ್ದಾರೆ. ಇಂಗ್ಲಿಷ್ ಅಕ್ಷರಗಳಲ್ಲಂತೂ ಒಬ್ಬರು ಬರೀ ಟಿ ಹಾಕಿದರೆ ಇನ್ನೊಬ್ಬರು ಟಿ ಪಕ್ಕ ಎಚ್ ಹಾಕುತ್ತಾರೆ, ದೀರ್ಘಕ್ಕೆ ಒಂದು ಎ ಸಾಕೋ ಎರಡು ಬೇಕೋ ಎಂಬುದರಲ್ಲಿ ಒಮ್ಮತವಿಲ್ಲ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟು ಎಂಬುದನ್ನು ಒಂದೇ ಪದವಾಗಿಯೂ ಎರಡಾಗಿಯೂ ಬರೆಯುತ್ತಾರೆ. ಆದ್ದರಿಂದ ಒಂದೇ ಶಬ್ದವನ್ನು ಕನ್ನಡದಲ್ಲಿ ಎರಡು ಬಗೆ, ಇಂಗ್ಲಿಷ್ ಅಕ್ಷರದಲ್ಲಿ ಎರಡು ಬಗೆ ಹಾಕಿ, ಪಕ್ಕದಲ್ಲಿ ಮುಂಬಯಿ ಎಂದೋ ಮುಂಬೈ ಎಂದೋ ಸೇರಿಸಿ ಹುಡುಕಿ. ಇನ್ನೂ ದೊಡ್ಡ ತೊಡಕೆಂದರೆ, ನಮ್ಮ ಆಮಂತ್ರಣಗಳಲ್ಲಿ ಸ್ಥಳ, ಹೊತ್ತು, ಪ್ರಸಂಗ ಎಲ್ಲವೂ ಬಣ್ಣದ ಚಿತ್ರದೊಳಗೆ ಅಚ್ಚಾಗಿರುತ್ತವೆ. ಮೇಲೆ ಬರೆದಿರುವುದು ‘ಸರ್ವರಿಗೂ ಆದರದ ಸ್ವಾಗತ’ ಎಂದು ಮಾತ್ರ. ಚಿತ್ರದೊಳಗಿನ ಅಕ್ಷರ ನಿಮ್ಮ ಕಣ್ಣಿಗೆ ಕಂಡಷ್ಟು ಸಲೀಸಾಗಿ ಹುಡುಕಾಟಕ್ಕೆ ಸಿಗುವುದಿಲ್ಲ. ನಿಮಗೆ ಪೋಸ್ಟರು ಸಿಕ್ಕಿದಾಗ ಅದನ್ನು ಹಾಗೆಯೇ ಮುಂದಕ್ಕೆ ಕಳಿಸುವ ಬದಲು ಕೆಳಗೆ ದಿನಾಂಕ, ಜಾಗ, ಪ್ರಸಂಗದ ಹೆಸರನ್ನು ಒಂದು ಸಾಲಿನಲ್ಲಿ ಟೈಪ್ ಮಾಡಿ ಕಳಿಸಿದರೆ, ನಿಮ್ಮಂಥ ಇನ್ನೊಬ್ಬರಿಗೆ ಅದು ಹುಡುಕಿದಾಗ ಸಿಗುತ್ತದೆ.

ಪೋಸ್ಟರು ಬಂದೊಡನೆ ಹೊರಡಲೂಬೇಡಿ. ನಾನೇ ಮೋಸಹೋದದ್ದನ್ನು ಹೇಳುತ್ತೇನೆ. 2025ರ ಆಗಸ್ಟ್‌ನ ಮೊದಲ ವಾರಾಂತ್ಯದಲ್ಲಿ ಗೆಳೆಯರೊಬ್ಬರಿಂದ ಒಂದು ಪೋಸ್ಟರು ಬಂತು: ಭಾನುವಾರ, ಆಗಸ್ಟ್ 4, ಮಧ್ಯಾಹ್ನ 3ಕ್ಕೆ ಸರಿಯಾಗಿ. ಭಾನುವಾರ ಎಂಬುದನ್ನಷ್ಟೇ ಓದಿಕೊಂಡು ಮಳೆಯಲ್ಲಿ ಕೊಡೆ ಹಿಡಿದು ಹೋದೆ. ಸಭಾಗೃಹದ ಬಾಗಿಲಿಗೆ ಬೀಗ. ಕಾವಲುಗಾರ ನನ್ನ ಫೋನನ್ನು ಈಸಿಕೊಂಡು, ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ, ಇವತ್ತು ಮೂರನೆಯ ತಾರೀಖು ಎಂದ. ಆಗಸ್ಟ್ 4 ಭಾನುವಾರವಾಗಿದ್ದದ್ದು 2024ರಲ್ಲಿ; ಆ ವರ್ಷದ ಪೋಸ್ಟರು ಒಂದು ವರ್ಷ ಗ್ರೂಪುಗಳಲ್ಲಿ ಅಲೆದು ನನ್ನ ಕೈಸೇರಿತ್ತು. ನಮ್ಮವರು ಪೋಸ್ಟರಿನಲ್ಲಿ ಇಸವಿ ಹಾಕುವುದಿಲ್ಲ, ಇದು ಹಳೆಯ ರೋಗ. ವಾರವೂ ತಾರೀಖೂ ಈ ವರ್ಷದ ಕ್ಯಾಲೆಂಡರಿನಲ್ಲಿ ಹೊಂದುತ್ತವೆಯೇ ಎಂದು ನೋಡುವುದು ಅರ್ಧ ನಿಮಿಷದ ಕೆಲಸ. ಹೊಂದಿದರೆ ಕೂಡಲೇ ಫೋನಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹಿಂದಿನ ದಿನವೇ ನೆನಪಿಸುವಂತೆ ಮಾಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟದ್ದು ಫೋಟೊಗಳ ರಾಶಿಯಲ್ಲಿ ಕರಗಿಹೋಗುತ್ತದೆ.

ಸಿನಿಮಾಕ್ಕೆ ದಾರಿ ಬೇರೆ, ಅವಧಿಯೂ ತೀರ ಚಿಕ್ಕದು. ಮುಂಬಯಿಯ ಮಲ್ಟಿಪ್ಲೆಕ್ಸ್‌ಗಳಲ್ಲಿ ಕನ್ನಡ ಚಿತ್ರಕ್ಕೆ ಸಿಗುವುದು ಸಾಮಾನ್ಯವಾಗಿ ದಿನಕ್ಕೆ ಒಂದೆರಡು ಆಟ; ಶುಕ್ರವಾರದಿಂದ ಭಾನುವಾರದವರೆಗೆ ಕುರ್ಚಿಗಳು ತುಂಬದಿದ್ದರೆ ಸೋಮವಾರದಿಂದ ಆಟ ಕಡಿತವಾಗುತ್ತದೆ. ನೀವು ಮುಂದಿನ ವಾರ ಹೋಗೋಣ ಎಂದು ಇಟ್ಟುಕೊಳ್ಳುವ ಚಿತ್ರ ಮುಂದಿನ ವಾರ ಇರುವುದಿಲ್ಲ. ಹೊಸ ವಾರದ ವೇಳಾಪಟ್ಟಿ ಬುಧವಾರ ರಾತ್ರಿಯಿಂದ ಗುರುವಾರದೊಳಗೆ ತೆರೆದುಕೊಳ್ಳುತ್ತದೆ. ಬುಧವಾರ ಊಟವಾದ ಮೇಲೆ ಬುಕ್‌ಮೈಶೋ ತೆರೆದು, ನಗರ ಮುಂಬೈ, ಭಾಷೆ ಕನ್ನಡ ಎಂದು ಸೋಸಿ ನೋಡುವ ಅಭ್ಯಾಸ ಮಾಡಿಕೊಂಡರೆ ಯಾವ ಪುಟವನ್ನೂ ಹಿಂಬಾಲಿಸದೆಯೇ ಅರ್ಧ ಕೆಲಸ ಆಗುತ್ತದೆ. ಇನ್ನರ್ಧಕ್ಕೆ ಚಿತ್ರದ ನಿರ್ಮಾಣ ಸಂಸ್ಥೆಯ ಮತ್ತು ಹೊರರಾಜ್ಯದ ವಿತರಕರ ಖಾತೆಗಳನ್ನು ಹಿಡಿಯಿರಿ. ಕರ್ನಾಟಕದಾಚೆಯ ಚಿತ್ರಮಂದಿರಗಳ ಪಟ್ಟಿಯನ್ನು ಅವರೇ ಹಾಕುತ್ತಾರೆ. ಖಾತೆ ಅಸಲಿಯೇ ಎಂದು ತಿಳಿಯಲು ನೀಲಿ ಗುರುತನ್ನಷ್ಟೇ ನಂಬಬೇಡಿ. 2023ರ ಜೂನ್‌ನಿಂದ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಅದನ್ನು ದುಡ್ಡು ಕೊಟ್ಟು ಪಡೆಯಬಹುದಾಗಿದೆ. ಆರಂಭದಲ್ಲಿ ಮೊಬೈಲಿನಲ್ಲಿ ತಿಂಗಳಿಗೆ 699 ರೂಪಾಯಿ ಇತ್ತು. ನಟ ಅಥವಾ ನಿರ್ದೇಶಕರು ಚಿತ್ರದ ಬಗ್ಗೆ ಬರೆಯುವಾಗ ಯಾವ ಖಾತೆಯನ್ನು ಟ್ಯಾಗ್ ಮಾಡುತ್ತಾರೋ ಅದು ಅಸಲಿ.

ಭಾಷೆಯನ್ನು ಸೋಸುವುದು ಮನೆಯಲ್ಲೇ ಅಂತರ್ಜಾಲದಲ್ಲಿ ಸಿನಿಮಾ ನೋಡುವ ಒಟಿಟಿಯಲ್ಲೂ ಅಗತ್ಯ. ‘ಕಾಂತಾರ’ ಚಿತ್ರ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಬಂತು, ಹಿಂದಿಯ ಡಬ್ಬಿಂಗ್ ಅಕ್ಟೋಬರ್ 14ರಂದು. ಮನೆಯಲ್ಲಿ ನೋಡುವ ಹೊತ್ತಿಗೆ ಕನ್ನಡದ್ದು ನವೆಂಬರ್‌ನಲ್ಲಿ ಪ್ರೈಮ್ ವಿಡಿಯೊದಲ್ಲಿ, ಹಿಂದಿಯದು ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದವು. ಅಂದರೆ ಒಂದೇ ಚಿತ್ರ ಎರಡು ಭಾಷೆಗಳಲ್ಲಿ ಎರಡು ಮನೆ ಸೇರಿತ್ತು. ನಿಮ್ಮ ಫೋನಿನ ಹಿಂದಿ ರೀಲ್ಸ್ ಇಂಥದ್ದರಲ್ಲಿ ಒಂದು ಮನೆಯ ವಿಳಾಸವನ್ನು ಮಾತ್ರ ಕೊಡುತ್ತದೆ. ಕುಂದಾಪುರದ ಕಡೆಯ ಮಾತನ್ನು ಹಿಂದಿಯಲ್ಲಿ ಕೇಳುವ ಶಿಕ್ಷೆ ನಿಮಗೆ ಬೇಡ.

ಮೊದಲ ದಿನದ ವಿಮರ್ಶೆಯ ವಿಡಿಯೊಗಳ ಬಗ್ಗೆ ಎರಡೇ ಮಾತು. ಹಣ ಅಥವಾ ಉಡುಗೊರೆ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲೂ ಕೇಂದ್ರ ಸರ್ಕಾರ 2023ರ ಜನವರಿಯಲ್ಲೂ ಮಾರ್ಗಸೂಚಿ ಹೊರಡಿಸಿವೆ. ಹಾಗೆ ತಿಳಿಸಿದ ಗುರುತು ಮೂಲೆಯಲ್ಲಿದೆಯೇ ನೋಡಿ. ಗುರುತಿಲ್ಲದಿದ್ದರೂ, ಹತ್ತು ವಿಡಿಯೊಗಳಲ್ಲಿ ಹತ್ತು ಜನ ಒಂದೇ ಪದಗಳಲ್ಲಿ ಕಣ್ಣೀರು ಬಂತು ಎಂದರೆ ಟಿಕೆಟ್ ತೆಗೆಯಲು ಭಾನುವಾರದವರೆಗೆ ಕಾಯಬಹುದು.

ಇನ್ನು ಟೆಲಿಗ್ರಾಂ ಲಿಂಕು. ಬೇಡ. ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸುವುದಕ್ಕೂ ಅದನ್ನು ಹಂಚುವುದಕ್ಕೂ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯಂತೆ ಕನಿಷ್ಠ ಮೂರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಕನಿಷ್ಠ 3 ಲಕ್ಷ ರೂಪಾಯಿಯಿಂದ ಚಿತ್ರದ ನಿರ್ಮಾಣ ವೆಚ್ಚದ ಶೇ. 5ರವರೆಗೆ ದಂಡ ಇದೆ. ನಿಮ್ಮ ಅಕ್ಕನ ಮಗನಿಗೆ ಇದನ್ನು ತಿಳಿಸಿ, ಏಕೆಂದರೆ ಮುಂದಕ್ಕೆ ಕಳಿಸುತ್ತಿರುವವನು ಅವನು. ಅದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ನೆನಪಿಸುತ್ತೇನೆ: ಠಾಣೆಯ ಆ ಒಂದು ಆಟದಲ್ಲಿ ಮೂವತ್ತು ಕುರ್ಚಿ ತುಂಬಿದವೋ ಅರವತ್ತೋ ಎಂಬುದರ ಮೇಲೆ ಮುಂದಿನ ಕನ್ನಡ ಚಿತ್ರಕ್ಕೆ ಆಟ ಸಿಗುತ್ತದೆಯೋ ಇಲ್ಲವೋ ಎಂಬುದು ನಿಂತಿರುತ್ತದೆ. ಸಿನಿಮಾ ನೋಡಲು ಈ ಫೈಲನ್ನು ಫೋನಿಗೆ ಹಾಕಿಕೊಳ್ಳಿ ಎಂದು ಎಪಿಕೆ ಕಡತ, ಅಂದರೆ ಆ್ಯಪ್ ಹಾಕುವ ಫೈಲು, ಬಂದರೆ, ಕಳಿಸಿದವರು ಸ್ವಂತ ಮಗನೇ ಆಗಿದ್ದರೂ ತೆರೆಯಬೇಡಿ; ಬ್ಯಾಂಕಿನ ಹಣಕ್ಕೆ ಕನ್ನ ಹಾಕುವವರ ಹಳೆಯ ದಾರಿಯದು.

ಕೊನೆಯದಾಗಿ ನಿಮ್ಮ ಪಟ್ಟಿಗೆ ಮನರಂಜನೆಗೆ ಸಂಬಂಧವೇ ಇಲ್ಲದ ಒಂದು ಖಾತೆಯನ್ನೂ ಸೇರಿಸಿಕೊಳ್ಳಿ, ಅದು ಮಧ್ಯ ರೈಲ್ವೆಯದು. ನಮ್ಮ ಕಾರ್ಯಕ್ರಮಗಳು ಬಹುಪಾಲು ಭಾನುವಾರ ಮಧ್ಯಾಹ್ನ, ಹಳಿಗಳ ದುರಸ್ತಿಗಾಗಿ ಗಾಡಿಗಳನ್ನು ತಡೆಯುವ ಮೆಗಾ ಬ್ಲಾಕ್ ಕೂಡ ಭಾನುವಾರವೇ. ಮಾಟುಂಗಾದಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ, ಸ್ಲೋ ಲೋಕಲೇ ಗತಿ; ಬ್ಲಾಕ್ ಮಾಟುಂಗಾ ಮತ್ತು ಮುಲುಂಡ್ ನಡುವೆ ಬಿದ್ದ ದಿನ ಆ ಗಾಡಿಗಳೂ ಹಳಿ ಬದಲಿಸಿಕೊಂಡು ತಡವಾಗಿ ಬರುತ್ತವೆ. ಪ್ರಕಟಣೆ ಸಾಮಾನ್ಯವಾಗಿ ಹಿಂದಿನ ದಿನವೇ ಬಂದಿರುತ್ತದೆ. ಶನಿವಾರ ರಾತ್ರಿ ಅದನ್ನೊಮ್ಮೆ ನೋಡಿಕೊಂಡು, ಬ್ಲಾಕ್ ಇದ್ದರೆ ಮೂರು ಗಂಟೆಯ ಆಟಕ್ಕೆ ಊಟ ಮುಗಿಸಿ ಹನ್ನೆರಡೂವರೆಗೇ ಮನೆ ಬಿಟ್ಟರೆ ಆಟಕ್ಕೆ ಮುಂಚಿನ ಪೂರ್ವರಂಗದ ಹೊತ್ತಿಗೆ ಕುರ್ಚಿಯಲ್ಲಿರುತ್ತೀರಿ.